ಮೀಟರಿನ ಅಂಕಿ ತಿರುಗುತ್ತಿದೆ, ಕ್ಲೋರಿನ್ ಮಾತ್ರ ಏರುಪೇರು: ಡೋಸಿಂಗ್ ವ್ಯವಸ್ಥೆಯಲ್ಲಿ ತಪ್ಪು ಎಲ್ಲಿ ಹುಡುಕಬೇಕು?

ಪ್ರಶ್ನೆ: ನಮ್ಮ ವಸತಿ ಸಮುಚ್ಚಯದ ಕುಡಿಯುವ ನೀರಿಗೆ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಕ್ಲೋರಿನ್ ಕೊಡುವ ದ್ರಾವಣ) ಬೆರೆಸುವ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ಕೊಳವೆಬಾವಿಯ ನೀರು ಎರಡು ಮಾರ್ಗಗಳಲ್ಲಿ ತೊಟ್ಟಿಗೆ ಹೋಗುತ್ತದೆ. ಹಳೆಯ ಮಾರ್ಗದಲ್ಲಿ ಗಂಟೆಗೆ ಸುಮಾರು 12 ಘನ ಮೀಟರ್ ನೀರು ಹರಿಯುತ್ತದೆ. ಅಲ್ಲಿ ಪ್ರತಿ 10 ಲೀಟರಿಗೆ ಒಂದು ಪಲ್ಸ್ (ವಿದ್ಯುತ್ ಸಂಕೇತ) ಕೊಡುವ ಯಾಂತ್ರಿಕ ಮೀಟರ್ ಇದ್ದು, ಒಂದು ಪಲ್ಸಿಗೆ ಹೈಪೋ ಬಿಡುವ ಡೋಸಿಂಗ್ ಪಂಪ್ ಒಂದು ಸ್ಟ್ರೋಕ್ (ಒಂದು ತಳ್ಳು) ಹೊಡೆಯುತ್ತದೆ. ಹೊಸ ಮಾರ್ಗದಲ್ಲಿ ಬೆಂಡ್ ಮುಗಿದ ಕೂಡಲೇ ಪ್ಯಾಡಲ್ ಚಕ್ರದ ಸೆನ್ಸರ್ ಕೂರಿಸಿದ್ದಾರೆ. ಕೆಲವು ತಿಂಗಳಿಂದ ಬೆಳಗಿನ ಪರೀಕ್ಷೆಯಲ್ಲಿ ಉಳಿಕೆ ಕ್ಲೋರಿನ್ (ಖರ್ಚಾಗದೆ ನೀರಿನಲ್ಲಿ ಉಳಿದ ಕ್ಲೋರಿನ್) ಸೊನ್ನೆ ಬರುತ್ತಿದೆ, ಸಂಜೆ ವಾಸನೆ ಮೂಗಿಗೆ ಹೊಡೆಯುತ್ತದೆ. ಮೀಟರಿನ ಅಂಕಿಗಳು ಮಾತ್ರ ಸರಿಯಾಗಿಯೇ ತಿರುಗುತ್ತಿವೆ. ಒಬ್ಬ ಮೆಕ್ಯಾನಿಕ್ ಪಂಪಿನ ಸ್ಟ್ರೋಕ್ ಉದ್ದವನ್ನು ಶೇ. 40ರಿಂದ 70ಕ್ಕೆ ಏರಿಸಿ ಹೋದರು. ಇನ್ನೊಬ್ಬರು ಪ್ಯಾಡಲ್ ಚಕ್ರವನ್ನು ವಾರಕ್ಕೊಮ್ಮೆ ಆಸಿಡ್‌ನಲ್ಲಿ ನೆನೆಸಿ ತೊಳೆಯಲು ಹೇಳಿದರು. ಮತ್ತೊಬ್ಬರು ಎರಡನ್ನೂ ಕಿತ್ತು ವಿದ್ಯುತ್ಕಾಂತೀಯ ಮೀಟರ್ ಹಾಕಿದರೆ ನಿರ್ವಹಣೆಯ ಗೊಡವೆಯೇ ಇರುವುದಿಲ್ಲ ಎನ್ನುತ್ತಾರೆ. ಯಾರ ಮಾತು ಕೇಳಲಿ? ಮೀಟರುಗಳನ್ನು ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕು?

ಉತ್ತರ: ನಿಮ್ಮ ಆತಂಕ ಸಕಾರಣವಾದದ್ದು. ಹೈಪೋ ಕಡಿಮೆಯಾದರೆ ನೀರಿನಲ್ಲಿ ರೋಗಾಣುಗಳು ಉಳಿಯುತ್ತವೆ, ಹೆಚ್ಚಾದರೆ ಜನರು ಆ ನೀರನ್ನು ಬಿಟ್ಟು ಶುದ್ಧೀಕರಿಸದ ಬೇರೆ ನೀರಿನ ಕಡೆಗೆ ಹೊರಳುತ್ತಾರೆ. ನಿಮಗೆ ಸಿಕ್ಕ ಮೂರು ಸಲಹೆಗಳಲ್ಲಿ ಒಂದೂ ತಪ್ಪು ಎಲ್ಲಿದೆ ಎಂದು ಮೊದಲು ಕಂಡುಕೊಳ್ಳುವುದಿಲ್ಲ. ಮೂರೂ ನೇರವಾಗಿ ಚಿಕಿತ್ಸೆಗೆ ಕೈಹಾಕುತ್ತವೆ. ಅದರಲ್ಲೂ ಸ್ಟ್ರೋಕ್ ಉದ್ದವನ್ನು ಏರಿಸಿದ್ದು ನನಗೆ ಹೆಚ್ಚು ಚಿಂತೆಯ ವಿಷಯವಾಗಿ ಕಾಣುತ್ತದೆ. ಅಳತೆಯ ದೋಷವನ್ನು ಪಂಪಿನ ಗುಂಡಿಯಿಂದ ಸರಿದೂಗಿಸಿದರೆ, ಆ ದೋಷ ತಾನಾಗಿಯೇ ಬದಲಾದ ದಿನ ಎರಡೂ ಸೇರಿಕೊಂಡು ಪ್ರಮಾಣ ಎಲ್ಲಿಗೋ ಹೋಗಿಬಿಡುತ್ತದೆ.

ನಿಮ್ಮ ಹಳೆಯ ಮಾರ್ಗದ ಲೆಕ್ಕವನ್ನೇ ನೋಡೋಣ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೆರೆಸುವುದು ಗುರಿ ಎಂದಿಟ್ಟುಕೊಳ್ಳಿ. 10 ಲೀಟರಿಗೆ 20 ಮಿಲಿಗ್ರಾಂ ಬೇಕು. ಹೈಪೋದ ಸಾಮರ್ಥ್ಯ ಶೇ. 10 ಇದ್ದರೆ, ಅಂದರೆ ಒಂದು ಲೀಟರ್ ಹೈಪೋದಲ್ಲಿ 100 ಗ್ರಾಂ ಕ್ಲೋರಿನ್ ಇದ್ದರೆ, ಪ್ರತಿ ಪಲ್ಸಿಗೆ 0.2 ಮಿಲಿಲೀಟರ್ ಸಾಕು. ಗಂಟೆಗೆ 12 ಘನ ಮೀಟರ್ ಹರಿದಾಗ 1200 ಪಲ್ಸ್, ಅಂದರೆ ನಿಮಿಷಕ್ಕೆ 20 ಸ್ಟ್ರೋಕ್. ಪೂರ್ಣ ಉದ್ದದಲ್ಲಿ 0.5 ಮಿಲಿಲೀಟರ್ ಹೊಡೆಯುವ ಪಂಪಾದರೆ ಶೇ. 40ರ ಸ್ಥಾನ ಇದಕ್ಕೆ ಸರಿಹೊಂದುತ್ತದೆ. ಅದನ್ನು 70ಕ್ಕೆ ಏರಿಸಿದಾಗ ಪ್ರಮಾಣ ಲೀಟರಿಗೆ ಸುಮಾರು 3.5 ಮಿಲಿಗ್ರಾಂ ಆಗುತ್ತದೆ. ಇದೇ ಸ್ಥಿತಿಯಲ್ಲಿ ಮೀಟರಿನ ಸಂಪರ್ಕ ಒಂದು ಪಲ್ಸನ್ನು ಎರಡೆಂದು ಎಣಿಸಿಬಿಟ್ಟರೆ 7 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಕ್ಲೋರಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮೇಲ್ಮಿತಿ ಲೀಟರಿಗೆ 5 ಮಿಲಿಗ್ರಾಂ.

ಇನ್ನು 'ಮೀಟರಿನ ಅಂಕಿಗಳು ಸರಿಯಾಗಿ ತಿರುಗುತ್ತಿವೆ' ಎಂಬ ಮಾತು. ಪಲ್ಸ್ ಕೊಡುವ ಯಾಂತ್ರಿಕ ಮೀಟರಿನಲ್ಲಿ ಎರಡು ಪ್ರತ್ಯೇಕ ವ್ಯವಸ್ಥೆಗಳಿರುತ್ತವೆ. ನೀರಿನ ರಭಸಕ್ಕೆ ತಿರುಗುವ ಚಕ್ರ ಹಲ್ಲುಗಾಲಿಗಳ ಮೂಲಕ ಅಂಕಿಗಳನ್ನು ತಿರುಗಿಸುತ್ತದೆ. ಅದೇ ಗಾಲಿಗಳಲ್ಲಿ ಒಂದಕ್ಕೆ ಅಂಟಿಸಿದ ಪುಟ್ಟ ಅಯಸ್ಕಾಂತವು ಪಕ್ಕದ ರೀಡ್ ಸ್ವಿಚ್ಚನ್ನು (ಅಯಸ್ಕಾಂತ ಹತ್ತಿರ ಬಂದಾಗ ಕೂಡುವ ಎರಡು ಲೋಹದ ಎಲೆಗಳ ಸ್ವಿಚ್) ಸುತ್ತಿಗೊಮ್ಮೆ ಮುಚ್ಚಿ ತೆರೆಯುತ್ತದೆ. ನಿಮ್ಮ ಡೋಸಿಂಗ್ ಪಂಪಿಗೆ ಅಂಕಿ ಕಾಣಿಸುವುದಿಲ್ಲ. ಅದಕ್ಕೆ ತಲುಪುವುದು ರೀಡ್ ಸ್ವಿಚ್ಚಿನ ಸಂಕೇತ ಮಾತ್ರ. ಸ್ವಿಚ್ಚಿನ ಎಲೆಗಳು ಅಂಟಿಕೊಂಡರೆ ಅಂಕಿ ತಿರುಗುತ್ತಲೇ ಇರುತ್ತದೆ, ಹೈಪೋ ನಿಂತುಹೋಗಿರುತ್ತದೆ. ಎಲೆಗಳು ಮುಚ್ಚುವಾಗ ಕ್ಷಣಕಾಲ ಪುಟಿದರೆ ಒಂದೇ ಸುತ್ತಿಗೆ ಎರಡು ಮೂರು ಪಲ್ಸ್ ದಾಖಲಾಗುತ್ತವೆ. ಪಂಪ್ ಅಥವಾ ನಿಯಂತ್ರಕದಲ್ಲಿ ಈ ಪುಟಿತವನ್ನು ಸೋಸುವ ಸೆಟ್ಟಿಂಗ್ ಇದ್ದರೆ ಅದು ಚಾಲೂ ಇದೆಯೇ ನೋಡಿ. ಸಂಕೇತದ ತಂತಿಯನ್ನು ಮೋಟಾರಿನ ಕೇಬಲ್ ಜೊತೆಯಲ್ಲೇ, ವಿಶೇಷವಾಗಿ ವೇಗ ನಿಯಂತ್ರಕದಿಂದ ಹೊರಡುವ ಕೇಬಲ್ ಜೊತೆ ಎಳೆದಿದ್ದರೆ ಇಲ್ಲದ ಪಲ್ಸ್‌ಗಳು ಹುಟ್ಟಿಕೊಳ್ಳುತ್ತವೆ. ಇನ್ನೊಂದು ಸಂದರ್ಭವನ್ನು ಕೆಲಸದಲ್ಲಿ ಆಗಾಗ ಕಾಣುತ್ತೇನೆ: ಮುಖ್ಯ ಪಂಪ್ ನಿಂತಾಗ ಅಯಸ್ಕಾಂತ ಸರಿಯಾಗಿ ಸ್ವಿಚ್ಚಿನ ಅಂಚಿನಲ್ಲೇ ನಿಂತಿರುತ್ತದೆ, ನೀರು ಹಿಂದಕ್ಕೆ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಸ್ವಲ್ಪ ಸೋರುತ್ತಿದ್ದು ನೀರು ಹಿಂದಕ್ಕೂ ಮುಂದಕ್ಕೂ ತೂಗುತ್ತಿರುತ್ತದೆ. ಒಂದೇ ಸ್ವಿಚ್ಚಿಗೆ ದಿಕ್ಕು ತಿಳಿಯದು. ಪ್ರತಿ ಅಲುಗಾಟವೂ ಒಂದು ಪಲ್ಸ್, ಪ್ರತಿ ಪಲ್ಸಿಗೂ ನಿಂತ ನೀರಿಗೆ ಒಂದು ತೊಟ್ಟು ಹೈಪೋ.

ಹೀಗಾಗಿ ಮೊದಲು ಮಾಡಬೇಕಾದ ಕೆಲಸ, ಮೂರು ಸಂಖ್ಯೆಗಳನ್ನು ಎದುರುಬದುರು ಇಟ್ಟು ನೋಡುವುದು. ಇದಕ್ಕೆ ಹೊರಗಿನ ತಂತ್ರಜ್ಞರೂ ಬೇಡ, ಉಪಕರಣವೂ ಬೇಡ. ತೊಟ್ಟಿಯ ಹೊರಹರಿವಿನ ವಾಲ್ವ್ ಮುಚ್ಚಿ, ಒಂದು ಮಾರ್ಗವನ್ನು ಮಾತ್ರ ಚಾಲೂ ಮಾಡಿ. ತೊಟ್ಟಿ ಒಳಗಡೆ 3 ಮೀಟರ್ ಅಗಲ, 4 ಮೀಟರ್ ಉದ್ದ ಇದೆ ಎಂದುಕೊಂಡರೆ ನೀರು 50 ಸೆಂಟಿಮೀಟರ್ ಏರಿದಾಗ 6 ಘನ ಮೀಟರ್ ಬಂದಿರುತ್ತದೆ. ನಿಮ್ಮ ಹರಿವಿನಲ್ಲಿ ಇದು ಅರ್ಧ ಗಂಟೆಯ ಕೆಲಸ. ಈ ಅವಧಿಯ ಮೊದಲು ಮತ್ತು ನಂತರ ಮೀಟರಿನ ಅಂಕಿಯನ್ನೂ, ಡೋಸಿಂಗ್ ಪಂಪಿನ ಸ್ಟ್ರೋಕ್ ಎಣಿಕೆಯನ್ನೂ ಬರೆದುಕೊಳ್ಳಿ. ಅಂಕಿಯಲ್ಲಿ 6 ಘನ ಮೀಟರ್, ಎಣಿಕೆಯಲ್ಲಿ 600 ಸ್ಟ್ರೋಕ್ ಬರಬೇಕು. ನೀರಿನ ಏರಿಕೆಯನ್ನು ಅವಸರದಲ್ಲಿ 10 ಸೆಂಟಿಮೀಟರಿಗೇ ನಿಲ್ಲಿಸಬೇಡಿ. ಅಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಶೇ. 10 ತಪ್ಪಿದಂತೆ, 50 ಸೆಂಟಿಮೀಟರಿನಲ್ಲಿ ಅದೇ ತಪ್ಪು ಶೇ. 2ಕ್ಕೆ ಇಳಿಯುತ್ತದೆ.

ತೊಟ್ಟಿ ಮತ್ತು ಅಂಕಿ ಒಪ್ಪಿ, ಸ್ಟ್ರೋಕ್ ಎಣಿಕೆ ಮಾತ್ರ ಬೇರೆ ಬಂದರೆ ಮೀಟರಿನ ಒಡಲು ಚೆನ್ನಾಗಿದೆ. ದೋಷ ರೀಡ್ ಸ್ವಿಚ್, ತಂತಿ, ಜಾಯಿಂಟ್ ಅಥವಾ ಪಂಪಿನ ಪಲ್ಸ್ ಸೆಟ್ಟಿಂಗಿನಲ್ಲಿದೆ. ಅನೇಕ ಮೀಟರುಗಳಲ್ಲಿ ರೀಡ್ ಸ್ವಿಚ್ ಹೊರಗಿನಿಂದ ಸಿಕ್ಕಿಸುವ ಪ್ರತ್ಯೇಕ ಭಾಗವಾಗಿರುವುದರಿಂದ ಮೀಟರ್ ಕೀಳದೆಯೇ ಅದನ್ನಷ್ಟೇ ಬದಲಿಸಬಹುದು. ಅಂಕಿ ಮತ್ತು ಎಣಿಕೆ ಒಪ್ಪಿ, ತೊಟ್ಟಿ ಒಪ್ಪದಿದ್ದರೆ ದೋಷ ಮೀಟರಿನ ಒಳಗೋ ಅದರ ಮುಂದಿನ ಕೊಳವೆಯಲ್ಲೋ ಇದೆ. ಮೂರೂ ಒಪ್ಪಿದರೆ ಮೀಟರನ್ನು ಮುಟ್ಟಲೇಬೇಡಿ, ಹೈಪೋದ ಕಡೆಗೆ ತಿರುಗಿ.

ಮೀಟರಿನ ಒಡಲಿನ ವಿಚಾರದಲ್ಲಿ ಒಂದು ನಂಬಿಕೆ ವ್ಯಾಪಕವಾಗಿದೆ: ಮೀಟರ್ ಹಳೆಯದಾದಂತೆ ಹೆಚ್ಚು ಓಡುತ್ತದೆ ಎನ್ನುತ್ತಾರೆ. ಸಾಮಾನ್ಯವಾಗಿ ಆಗುವುದು ಇದರ ವಿರುದ್ಧ. ಬೇರಿಂಗ್ ಸವೆದಂತೆ, ಚಕ್ರಕ್ಕೆ ಸುಣ್ಣದ ಪದರ ಅಥವಾ ಕಬ್ಬಿಣದ ಕೆಸರು ಹತ್ತಿದಂತೆ ಅದು ನಿಧಾನವಾಗುತ್ತದೆ, ಕಡಿಮೆ ಹರಿವಿನಲ್ಲಂತೂ ತಿರುಗದೆಯೇ ಇರಬಹುದು. ಆಗ ಹೈಪೋ ಕಡಿಮೆಯಾಗುತ್ತದೆ. ಹೆಚ್ಚು ಓಡುವುದಕ್ಕೆ ಬೇರೆ ಕಾರಣಗಳಿವೆ. ಹಲವು ರಂಧ್ರಗಳಿಂದ ಚಕ್ರಕ್ಕೆ ನೀರು ಚಿಮ್ಮುವ ಬಗೆಯ ಮೀಟರಿನಲ್ಲಿ ಕೆಲವು ರಂಧ್ರಗಳು ಕಟ್ಟಿಕೊಂಡರೆ ಉಳಿದವುಗಳಿಂದ ನೀರು ಹೆಚ್ಚು ರಭಸದಲ್ಲಿ ಬಡಿದು ಚಕ್ರ ವೇಗವಾಗಿ ತಿರುಗಬಹುದು. ಗಾಳಿಯಂತೂ ಕೊಳವೆಬಾವಿಯ ಮಾರ್ಗಗಳಲ್ಲಿ ದೊಡ್ಡ ಕಾರಣ: ಪಂಪ್ ಚಾಲೂ ಆದಾಗ ಖಾಲಿ ಕೊಳವೆಯಲ್ಲಿದ್ದ ಗಾಳಿ ಮುಂದೆ ನುಗ್ಗಿ ಚಕ್ರವನ್ನು ರಭಸದಿಂದ ತಿರುಗಿಸುತ್ತದೆ, ಮೀಟರ್ ಅದನ್ನೂ ನೀರೆಂದೇ ಎಣಿಸುತ್ತದೆ. ಮೀಟರಿನ ಮುಂಚೆ ಗಾಳಿ ಬಿಡುವ ವಾಲ್ವ್ ಇರಬೇಕು, ಮೀಟರ್ ಇರುವ ಜಾಗದಲ್ಲಿ ಕೊಳವೆ ಸದಾ ತುಂಬಿರಬೇಕು. ಮೀಟರಿನ ಮುಂಚಿನ ಸ್ಟ್ರೈನರನ್ನು (ಕಸ ಸೋಸುವ ಜಾಲರಿಯನ್ನು) ತೆಗೆದು ತೊಳೆಯುವುದು ಇಡೀ ನಿರ್ವಹಣೆಯಲ್ಲಿ ಅತ್ಯಂತ ಅಗ್ಗದ ಕೆಲಸ. ಅದನ್ನೇ ಹೆಚ್ಚಿನವರು ಮರೆಯುತ್ತಾರೆ. ಹೋಲಿಕೆಗೆ ಒಂದು ಅಳತೆಗೋಲು ಬೇಕಾದರೆ, ನೀರಿನ ಮೀಟರುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 4064ರ ಎರಡನೇ ದರ್ಜೆಯ ಹೊಸ ಮೀಟರಿಗೆ ಸಾಮಾನ್ಯ ಹರಿವಿನಲ್ಲಿ ಶೇ. 2, ಅತಿ ಕಡಿಮೆ ಹರಿವಿನ ವಲಯದಲ್ಲಿ ಶೇ. 5 ದೋಷಕ್ಕೆ ಅವಕಾಶವಿದೆ. ತೊಟ್ಟಿಯ ಪರೀಕ್ಷೆಯಲ್ಲಿ ಮೂರು ನಾಲ್ಕು ಶೇಕಡ ವ್ಯತ್ಯಾಸ ಬಂದರೆ ಗಾಬರಿ ಬೇಡ. ಹತ್ತು ದಾಟಿದರೆ ಕಾರಣ ಹುಡುಕಲೇಬೇಕು.

ಹೊಸ ಮಾರ್ಗದ ಪ್ಯಾಡಲ್ ಸೆನ್ಸರಿನಲ್ಲಿ ನನಗೆ ಮೊದಲು ಸಂಶಯ ಬರುವುದು ಕೊಳೆಯ ಮೇಲಲ್ಲ, ಜಾಗದ ಮೇಲೆ. ಪ್ಯಾಡಲ್ ಚಕ್ರ ಕೊಳವೆಯ ಗೋಡೆಯ ಹತ್ತಿರದ ಒಂದು ಬಿಂದುವಿನ ವೇಗವನ್ನಷ್ಟೇ ಅಳೆದು, ಇಡೀ ಕೊಳವೆಯ ಹರಿವನ್ನು ಅದರಿಂದ ಊಹಿಸುತ್ತದೆ. ಬೆಂಡ್ ದಾಟಿದ ನೀರು ಒಂದು ಬದಿಗೆ ಒತ್ತಿಕೊಂಡು ಸುಳಿಯುತ್ತಾ ಬರುವುದರಿಂದ ಆ ಊಹೆ ಕೆಡುತ್ತದೆ. ಸೆನ್ಸರಿನ ಮುಂಚೆ ಕೊಳವೆಯ ವ್ಯಾಸದ ಕನಿಷ್ಠ 10 ಪಟ್ಟು, ನಂತರ 5 ಪಟ್ಟು ನೇರ ಕೊಳವೆ ಇರಬೇಕೆಂಬುದು ಸಾಮಾನ್ಯ ನಿಯಮ. ಬೆಂಡ್ ಇದ್ದರೆ 20 ಪಟ್ಟು, ವಾಲ್ವ್ ಇದ್ದರೆ 50 ಪಟ್ಟು ಕೇಳುವ ತಯಾರಕರೂ ಇದ್ದಾರೆ. ನಿಮ್ಮದು 50 ಮಿಲಿಮೀಟರ್ ಕೊಳವೆಯಾಗಿದ್ದರೆ ಬೆಂಡ್‌ನಿಂದ ಒಂದು ಮೀಟರ್ ದೂರ ಎಂದಾಯಿತು. ಅಡ್ಡ ಕೊಳವೆಯ ನೆತ್ತಿಯಲ್ಲಿ ಗಾಳಿ ಸೇರುತ್ತದೆ, ತಳದಲ್ಲಿ ಹೂಳು ಕೂರುತ್ತದೆ; ಆದ್ದರಿಂದ ಸೆನ್ಸರನ್ನು ನೆತ್ತಿಯಿಂದ ಸುಮಾರು 45 ಡಿಗ್ರಿ ಓರೆಯಾಗಿ ಕೂರಿಸುವುದು ಒಳ್ಳೆಯದು. ತಪ್ಪು ಜಾಗದಲ್ಲಿರುವ ಸೆನ್ಸರನ್ನು ಎಷ್ಟು ಬಾರಿ ತೊಳೆದರೂ ಅದು ಸರಿಯಾದ ಹರಿವನ್ನು ಹೇಳುವುದಿಲ್ಲ. ಸ್ಥಳಾಂತರ ಸಾಧ್ಯವೇ ಇಲ್ಲ ಎಂದಾದರೆ, ತೊಟ್ಟಿಯ ಪರೀಕ್ಷೆಯ ಫಲಿತಾಂಶಕ್ಕೆ ತಕ್ಕಂತೆ ನಿಯಂತ್ರಕದಲ್ಲಿರುವ ಸೆನ್ಸರಿನ ಗುಣಾಂಕವನ್ನು (ಚಕ್ರದ ಸುತ್ತುಗಳನ್ನು ಲೀಟರಿಗೆ ಪರಿವರ್ತಿಸುವ ಸಂಖ್ಯೆಯನ್ನು) ತಿದ್ದಬಹುದು. ಆದರೆ ಆ ತಿದ್ದುಪಡಿ ಪರೀಕ್ಷೆಯ ವೇಳೆಯಲ್ಲಿದ್ದ ಹರಿವಿಗೆ ಮಾತ್ರ ನಂಬಿಕೆಗೆ ಅರ್ಹ; ವಾಲ್ವ್ ಸ್ವಲ್ಪ ಮುಚ್ಚಿದರೂ ಸುಳಿಯ ಸ್ವರೂಪ ಬದಲಾಗುತ್ತದೆ. ನೀರಿನ ವೇಗ ಸೆಕೆಂಡಿಗೆ ಸುಮಾರು 0.3 ಮೀಟರಿಗಿಂತ ಕೆಳಗಿಳಿದರೆ ಬಹುತೇಕ ಪ್ಯಾಡಲ್ ಸೆನ್ಸರುಗಳು ನಂಬಲರ್ಹವಾಗಿ ಉಳಿಯುವುದಿಲ್ಲ ಎಂಬುದೂ ನೆನಪಿರಲಿ.

ಆಸಿಡ್ ವಿಷಯದಲ್ಲಿ ದಯವಿಟ್ಟು ಈ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಿ. ಹೈಪೋಗೆ ಯಾವುದೇ ಆಸಿಡ್ ಸೇರಿದರೂ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ವಿನೆಗರ್, ಸಿಟ್ರಿಕ್ ಆಸಿಡ್‌ನಂತಹ ಸೌಮ್ಯ ಆಸಿಡ್‌ಗಳೂ ಇದಕ್ಕೆ ಹೊರತಲ್ಲ. ಹೈಪೋ ಕ್ಯಾನ್ ಇರುವ ಕೋಣೆಯಲ್ಲಿ ಆಸಿಡ್ ಇಡಬೇಡಿ, ಒಂದಕ್ಕೆ ಬಳಸಿದ ಬಕೆಟ್, ಬ್ರಷ್, ಕೈಗವಸುಗಳನ್ನು ಇನ್ನೊಂದಕ್ಕೆ ಬಳಸಬೇಡಿ. ಪ್ಯಾಡಲ್ ಚಕ್ರ ತೆಗೆಯುವ ಮುನ್ನ ಮುಖ್ಯ ಪಂಪ್ ಮತ್ತು ಡೋಸಿಂಗ್ ಪಂಪ್ ಎರಡನ್ನೂ ನಿಲ್ಲಿಸಿ, ಎರಡೂ ಬದಿಯ ವಾಲ್ವ್ ಮುಚ್ಚಿ, ಒತ್ತಡ ಇಳಿಸಿ. ಚಕ್ರವನ್ನು ಹೊರಗೆ ಗಾಳಿಯಾಡುವ ಕಡೆಗೆ ಒಯ್ದು ಬರಿಯ ನೀರಿನಲ್ಲಿ ಮೃದುವಾದ ಬ್ರಷ್‌ನಿಂದ ಉಜ್ಜಿ ನೋಡಿ. ಪಾಚಿ, ಕೆಸರು ಇದರಲ್ಲೇ ಹೋಗುತ್ತವೆ. ಕೆಲವು ಸೆನ್ಸರುಗಳ ಚಕ್ರದಲ್ಲಿ ಅಯಸ್ಕಾಂತಗಳಿರುವುದರಿಂದ ಕೊಳವೆಯ ತುಕ್ಕಿನ ಕಣಗಳು ಅದಕ್ಕೆ ಅಂಟಿಕೊಂಡು ಗಡ್ಡದಂತೆ ಬೆಳೆದಿರುತ್ತವೆ, ಅವನ್ನು ಒರೆಸಿ ತೆಗೆಯಬೇಕಷ್ಟೆ. ಗಟ್ಟಿಯಾದ ಸುಣ್ಣದ ಪದರ ಮಾತ್ರ ಉಳಿದಿದ್ದರೆ, ಭಾಗವನ್ನು ಹೈಪೋದ ಸುಳಿವಿಲ್ಲದಂತೆ ಚೆನ್ನಾಗಿ ತೊಳೆದ ಮೇಲೆ ತೆಳು ಸಿಟ್ರಿಕ್ ಆಸಿಡ್ ದ್ರಾವಣದಲ್ಲಿ ಸ್ವಲ್ಪ ಹೊತ್ತು ಇಟ್ಟು, ಮತ್ತೆ ತೊಳೆಯಿರಿ. ಹೈಡ್ರೋಕ್ಲೋರಿಕ್ ಆಸಿಡ್ ಸ್ಟೇನ್‌ಲೆಸ್ ಉಕ್ಕಿನ ಅಕ್ಷವನ್ನು ಕೊರೆಯುತ್ತದೆ. ಕೊರೆದ ಅಕ್ಷದ ಮೇಲೆ ಚಕ್ರ ತಡವರಿಸುತ್ತದೆ. ವಾರವಾರವೂ ಆ ಆಸಿಡ್‌ನಲ್ಲಿ ನೆನೆಸಿದರೆ ನಿವಾರಿಸಲು ಹೊರಟ ದೋಷವನ್ನು ನೀವೇ ಉಂಟುಮಾಡಿದಂತೆ. ಚಕ್ರವನ್ನು ಬಾಯಿಂದ ಊದಿ ತಿರುಗಿಸಿ ನೋಡಿ: ಸರಾಗವಾಗಿ ತಿರುಗಿ ಮೆಲ್ಲನೆ ನಿಲ್ಲಬೇಕು. ತಟ್ಟನೆ ನಿಂತರೆ ಅಥವಾ ಅಕ್ಷದಲ್ಲಿ ಅಲುಗಿದರೆ ಚಕ್ರ ಮತ್ತು ಅಕ್ಷದ ಜೋಡಿಯನ್ನು ಬದಲಿಸಿ.

ವಿದ್ಯುತ್ಕಾಂತೀಯ ಮೀಟರಿನ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದೇ. ತಿರುಗುವ ಭಾಗವಿಲ್ಲ, ಕೆಸರಿಗೆ ಸಿಕ್ಕಿಕೊಳ್ಳುವುದಿಲ್ಲ, ನೇರ ಕೊಳವೆಯ ಬೇಡಿಕೆಯೂ ಪ್ಯಾಡಲ್‌ಗಿಂತ ಕಡಿಮೆ. ಆದರೆ 'ನಿರ್ವಹಣೆಯೇ ಬೇಡ' ಎಂಬುದು ಸರಿಯಲ್ಲ. ಕೊಳವೆ ಪೂರ್ತಿ ತುಂಬಿರದಿದ್ದರೆ ಅದರ ಓದು ಅರ್ಥಹೀನ. ಪ್ಲಾಸ್ಟಿಕ್ ಕೊಳವೆಗಳ ನಡುವೆ ಕೂರಿಸುವಾಗ ನೀರಿಗೆ ಅರ್ಥಿಂಗ್ ಕೊಡುವ ಉಂಗುರ ಅಥವಾ ಎಲೆಕ್ಟ್ರೋಡ್ ಬೇಕೇ ಬೇಕು, ಇಲ್ಲದಿದ್ದರೆ ಓದು ಅಲೆದಾಡುತ್ತದೆ. ಒಳಗಿನ ಎಲೆಕ್ಟ್ರೋಡ್‌ಗಳಿಗೆ ಕಬ್ಬಿಣ, ಸುಣ್ಣದ ಪದರ ಕಟ್ಟುವುದೂ ಉಂಟು. ಅದನ್ನು ಹೈಪೋ ಸೇರುವ ಬಿಂದುವಿನ ಮುಂಚೆಯೇ ಇಡಬೇಕು. ಆಚೆಗೆ ಇಟ್ಟರೆ ಇನ್ನೂ ಬೆರೆಯದ ರಾಸಾಯನಿಕದ ಎಳೆಗಳು ಮತ್ತು ಗುಳ್ಳೆಗಳು ಅಳತೆಯನ್ನು ಕಲಕುತ್ತವೆ. ಈ ನಿಯಮ ಎಲ್ಲ ಬಗೆಯ ಮೀಟರಿಗೂ ಅನ್ವಯಿಸುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಬದಲಾವಣೆಯ ದಿನದ್ದು: ಹಳೆಯ ಮೀಟರ್ 10 ಲೀಟರಿಗೆ ಒಂದು ಪಲ್ಸ್ ಕೊಡುತ್ತಿದ್ದು, ಹೊಸದು 1 ಲೀಟರಿಗೆ ಒಂದು ಪಲ್ಸ್ ಕೊಡುವಂತಿದ್ದರೆ, ಪಂಪಿನ ಸೆಟ್ಟಿಂಗ್ ಬದಲಿಸದೆ ಚಾಲೂ ಮಾಡಿದ ಕ್ಷಣದಿಂದ ಹೈಪೋ ಹತ್ತು ಪಟ್ಟಿನ ಕಡೆಗೆ ಓಡುತ್ತದೆ. ಯಾವ ಮೀಟರ್ ಬದಲಿಸಿದರೂ, ಅದೇ ಮಾದರಿಯದಾದರೂ, ತೊಟ್ಟಿಯ ಪರೀಕ್ಷೆ ಮುಗಿಯುವ ತನಕ ಆ ನೀರನ್ನು ಮನೆಗಳಿಗೆ ಬಿಡಬೇಡಿ.

ಈಗ ನಿಮ್ಮ ಬೆಳಗು ಮತ್ತು ಸಂಜೆಯ ವ್ಯತ್ಯಾಸಕ್ಕೆ ಬರುತ್ತೇನೆ. ಮೀಟರ್ ಎರಡೂ ಹೊತ್ತು ಒಂದೇ ರೀತಿ ತಪ್ಪಿದ್ದರೆ ಕ್ಲೋರಿನ್ ಎರಡೂ ಹೊತ್ತು ಒಂದೇ ದಿಕ್ಕಿನಲ್ಲಿ ತಪ್ಪಬೇಕಿತ್ತು. ಹಾಗಾಗಿ ದೋಷದ ದೊಡ್ಡ ಪಾಲು ಮೀಟರಿನ ಆಚೆಗಿದೆ ಎಂಬುದು ನನ್ನ ಎಣಿಕೆ. ಹೈಪೋ ತಾನಾಗಿ ಒಡೆದು ಆಮ್ಲಜನಕದ ಗುಳ್ಳೆಗಳನ್ನು ಬಿಡುತ್ತದೆ. ರಾತ್ರಿಯಿಡೀ ನಿಂತ ಡೋಸಿಂಗ್ ಪಂಪಿನ ತಲೆಯಲ್ಲಿ ಈ ಅನಿಲ ತುಂಬಿಕೊಂಡರೆ, ಬೆಳಿಗ್ಗೆ ಪಂಪ್ ಟಕ್‌ಟಕ್ ಎಂದು ಸ್ಟ್ರೋಕ್ ಹೊಡೆಯುತ್ತಲೇ ಇರುತ್ತದೆ, ಅನಿಲ ಅಮುಕಿ ಹಿಗ್ಗುತ್ತದೆಯೇ ಹೊರತು ಹೈಪೋ ಮುಂದೆ ಹೋಗುವುದಿಲ್ಲ. ಎಣಿಕೆಯಲ್ಲಿ ಎಲ್ಲವೂ ಸರಿಯಿರುತ್ತದೆ. ಪಂಪನ್ನು ಕ್ಯಾನಿಗಿಂತ ಕೆಳಗಿಟ್ಟು ಹೈಪೋ ತಾನೇ ಇಳಿದು ಬರುವಂತೆ ಮಾಡುವುದು, ಕ್ಯಾನನ್ನು ತಂಪಾದ ಕತ್ತಲಿನ ಜಾಗದಲ್ಲಿಡುವುದು, ಅನಿಲವನ್ನು ತಾನೇ ಹೊರಹಾಕುವ ಪಂಪ್ ತಲೆ ಹಾಕಿಸುವುದು, ಇವು ಪರಿಹಾರಗಳು. ಹೈಪೋವನ್ನು ತೆಳುಗೊಳಿಸಿದರೂ ಅನಿಲ ಕಡಿಮೆಯಾಗುತ್ತದೆ. ಆದರೆ ಗಡಸು ನೀರಿನಿಂದ ತೆಳುಗೊಳಿಸಿದರೆ ಸುಣ್ಣ ಹರಳುಗಟ್ಟಿ ಪಂಪಿನ ಪುಟ್ಟ ವಾಲ್ವ್‌ಗಳನ್ನೂ ಇಂಜೆಕ್ಷನ್ ನಳಿಕೆಯ ತುದಿಯನ್ನೂ ಕಟ್ಟುತ್ತದೆ, ಆದ್ದರಿಂದ ಮೆದು ನೀರೇ ಬೇಕು.

ಸಂಜೆಯ ವಾಸನೆಗೆ ಒಂದು ಅಡಗಿದ ಕಾರಣ ಪಂಪಿನ ಪಲ್ಸ್ ನೆನಪು. ಪಲ್ಸ್‌ಗಳು ಪಂಪಿನ ವೇಗವನ್ನು ಮೀರಿ ಬಂದಾಗ ಅವನ್ನು ಕೂಡಿಟ್ಟುಕೊಂಡು ನಂತರ ಹೊಡೆಯುವ ಸೌಲಭ್ಯ ಅನೇಕ ಡೋಸಿಂಗ್ ಪಂಪುಗಳಲ್ಲಿದೆ. ಗಾಳಿಯೋ ಪುಟಿತವೋ ತಂದ ಹೆಚ್ಚುವರಿ ಪಲ್ಸ್‌ಗಳು ಅಲ್ಲಿ ಕೂಡಿದ್ದರೆ, ಮುಖ್ಯ ಪಂಪ್ ನಿಂತ ಮೇಲೂ ಹೈಪೋ ನಿಂತ ನೀರಿಗೆ ಬೀಳುತ್ತಲೇ ಇರುತ್ತದೆ. ಕುಡಿಯುವ ನೀರಿನ ಮಾರ್ಗದಲ್ಲಿ ಈ ಸೌಲಭ್ಯವನ್ನು ಆಫ್ ಮಾಡಿಡುವುದೇ ಲೇಸು. ಜೊತೆಗೆ, ಮುಖ್ಯ ಪಂಪ್ ಓಡದಿದ್ದರೆ ಡೋಸಿಂಗ್ ಪಂಪಿಗೆ ವಿದ್ಯುತ್ತೇ ಸಿಗದಂತೆ ಇಂಟರ್‌ಲಾಕ್ ಮಾಡಿಸಿ. ಮುಖ್ಯ ಪಂಪ್ ಓಡುತ್ತಿದ್ದು ಕೆಲವು ನಿಮಿಷ ಪಲ್ಸ್ ಬರದಿದ್ದರೆ ಅಲಾರಾಂ ಕೂಗುವಂತೆಯೂ ಮಾಡಿಸಿ. ಅಳತೆ ಸತ್ತಾಗ ಸದ್ದಿಲ್ಲದೆ ಹೈಪೋ ನಿಲ್ಲುವುದು ಇಂತಹ ವ್ಯವಸ್ಥೆಯ ಅತ್ಯಂತ ಕೆಟ್ಟ ವೈಫಲ್ಯ.

ವಾಸನೆಯೇ ಅಧಿಕ ಕ್ಲೋರಿನ್‌ನ ಪುರಾವೆ ಎಂದೂ ತಿಳಿಯಬೇಡಿ. ನೀರಿನಲ್ಲಿ ಅಮೋನಿಯಾದಂತಹ ಸಾರಜನಕದ ಅಂಶವಿದ್ದು ಕ್ಲೋರಿನ್ ಸಾಲದೆ ಬಂದಾಗ ಹುಟ್ಟುವ ಕ್ಲೋರಮೈನ್‌ಗಳೂ ತೀಕ್ಷ್ಣ ವಾಸನೆ ಕೊಡುತ್ತವೆ. ಮುಕ್ತ ಕ್ಲೋರಿನ್ (ಬೇರೆ ಯಾವುದಕ್ಕೂ ಸೇರದೆ ಉಳಿದದ್ದು) ಮತ್ತು ಒಟ್ಟು ಕ್ಲೋರಿನ್ (ಕ್ಲೋರಮೈನ್‌ಗಳೂ ಸೇರಿದ್ದು) ಎರಡನ್ನೂ ಅಳೆದರೆ ಇದು ತಿಳಿಯುತ್ತದೆ. ಬೆಳಗಿನ ಸೊನ್ನೆಯನ್ನೂ ಒಮ್ಮೆ ಪ್ರಶ್ನಿಸಿ: ರಾತ್ರಿಯಿಡೀ ನಲ್ಲಿಯಲ್ಲಿ ನಿಂತ ನೀರನ್ನೇ ಹಿಡಿದಿದ್ದರೆ ಅದರಲ್ಲಿ ಕ್ಲೋರಿನ್ ಇಳಿದಿರುವುದು ಸಹಜ. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುವ ಡಿಪಿಡಿ ಪರೀಕ್ಷೆಯಲ್ಲಿ ಇನ್ನೊಂದು ಮೋಸವಿದೆ. ಕ್ಲೋರಿನ್ ವಿಪರೀತವಾಗಿದ್ದರೆ ಗುಲಾಬಿ ಬಣ್ಣ ಮೂಡಿದ ಕೂಡಲೇ ಬಿಳಿಚಿಹೋಗಿ ಸೊನ್ನೆಯಂತೆ ಕಾಣುತ್ತದೆ. ಸಂಶಯವಿದ್ದಾಗ ಮಾದರಿಯನ್ನು ಕ್ಲೋರಿನ್ ಇಲ್ಲದ ಶುದ್ಧ ನೀರಿನಿಂದ ಹತ್ತು ಪಟ್ಟು ತೆಳುಗೊಳಿಸಿ ಮತ್ತೆ ಪರೀಕ್ಷಿಸಿ.

ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗೆ ಕ್ಯಾಲೆಂಡರಿಗಿಂತ ನಿಮ್ಮ ನೀರೇ ಉತ್ತರ ಹೇಳಬೇಕು. ಪ್ರತಿದಿನ ಒಂದೇ ಹೊತ್ತಿಗೆ ಮೀಟರಿನ ಅಂಕಿ ಮತ್ತು ಕ್ಯಾನಿನ ಮಟ್ಟ ಬರೆದಿಡಿ. 100 ಘನ ಮೀಟರ್ ನೀರಿಗೆ ಶೇ. 10ರ ಹೈಪೋ 2 ಲೀಟರ್ ಇಳಿಯಬೇಕು. ಮೂರು ಲೀಟರ್ ಇಳಿದಿದ್ದರೆ, ಅಥವಾ ಒಂದೂವರೆಯೇ ಇಳಿದಿದ್ದರೆ, ಯಾವ ಅಲಾರಾಂ ಕೂಗದಿದ್ದರೂ ಏನೋ ಕೆಟ್ಟಿದೆ. ಹೈಪೋ ಇಳಿದದ್ದು ಸರಿಯಾಗಿದ್ದೂ ಉಳಿಕೆ ಕಡಿಮೆಯಾದರೆ ಹೈಪೋದ ಬಲವೇ ಕುಗ್ಗಿರಬಹುದು. ಉಷ್ಣತೆ 10 ಡಿಗ್ರಿ ಏರಿದರೆ ಅದು ಒಡೆಯುವ ವೇಗ ಮೂರು ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಹಳೆಯ ದಾಸ್ತಾನು ಮೊದಲು ಖರ್ಚಾಗಲಿ. ಸ್ಟ್ರೈನರ್ ಮತ್ತು ಪ್ಯಾಡಲ್ ಚಕ್ರವನ್ನು ಮೊದಲ ಬಾರಿ ಒಂದು ತಿಂಗಳಿಗೆ ತೆಗೆದು ನೋಡಿ, ಶುಭ್ರವಾಗಿದ್ದರೆ ಅಂತರ ಹೆಚ್ಚಿಸಿ, ಕೆಸರಿದ್ದರೆ ಕಡಿಮೆ ಮಾಡಿ. ತೊಟ್ಟಿಯ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಮತ್ತು ಯಾವುದೇ ರಿಪೇರಿಯ ನಂತರ ಸಾಕು. ಅದೇ ದಿನ ಪಂಪನ್ನೂ ಅಳೆಯಿರಿ: ಹೀರುವ ಕೊಳವೆಯನ್ನು 100 ಮಿಲಿಲೀಟರ್ ಅಳತೆಯ ಸಿಲಿಂಡರಿನಲ್ಲಿಟ್ಟು, ಮುಖ್ಯ ಮಾರ್ಗದಲ್ಲಿ ಎಂದಿನ ಒತ್ತಡವಿರುವಾಗಲೇ 200 ಸ್ಟ್ರೋಕ್ ಹೊಡೆಸಿದರೆ, ಸ್ಟ್ರೋಕ್ ಉದ್ದ ಶೇ. 40ರಲ್ಲಿದ್ದಾಗ, 40 ಮಿಲಿಲೀಟರ್ ಇಳಿಯಬೇಕು. ಒತ್ತಡವಿಲ್ಲದೆ ಅಳೆದರೆ ಪಂಪ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಇದೆಲ್ಲ ಸರಿಯಾಗುವ ತನಕ ನೀರು ನಿಲ್ಲಿಸುವಂತಿಲ್ಲ ಎಂಬುದು ನನಗೆ ಗೊತ್ತು. ನಿಮ್ಮ ಹಳೆಯ ಮಾರ್ಗದ ಹರಿವು ಸ್ಥಿರವಾಗಿದ್ದರೆ ತಾತ್ಕಾಲಿಕವಾಗಿ ಪಲ್ಸ್ ತಂತಿಯನ್ನು ಬಿಡಿಸಿ, ಸ್ಟ್ರೋಕ್ ಉದ್ದವನ್ನು ಮೊದಲಿನ 40ಕ್ಕೆ ತಂದು, ಡೋಸಿಂಗ್ ಪಂಪನ್ನು ನಿಮಿಷಕ್ಕೆ 20 ಸ್ಟ್ರೋಕ್‌ಗೆ ನೇರವಾಗಿ ನಿಗದಿಪಡಿಸಬಹುದು. ಮುಖ್ಯ ಪಂಪಿನೊಂದಿಗಿನ ಇಂಟರ್‌ಲಾಕ್ ಇಲ್ಲದೆ ಮಾತ್ರ ಇದನ್ನು ಮಾಡಬೇಡಿ, ಏಕೆಂದರೆ ಹರಿವು ಕಡಿಮೆಯಾದರೂ ನಿಂತರೂ ಈ ಪಂಪಿಗೆ ತಿಳಿಯುವುದಿಲ್ಲ. ಈ ಅವಧಿಯಲ್ಲಿ ದಿನಕ್ಕೆರಡು ಬಾರಿ ಪರೀಕ್ಷಿಸಿ. ಹೈಪೋ ಬೆರೆತು ಕನಿಷ್ಠ 30 ನಿಮಿಷ ಕಳೆದ ನೀರಿನಲ್ಲಿ ಮುಕ್ತ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಆದರೂ ಇರಬೇಕು, ಪಿಎಚ್ 8ಕ್ಕಿಂತ ಕಡಿಮೆ ಇರಬೇಕು, ಅತ್ಯಂತ ದೂರದ ಮನೆಯ ನಲ್ಲಿಯಲ್ಲಿ 0.2ಕ್ಕಿಂತ ಕೆಳಗೆ ಇಳಿಯಬಾರದು. ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಟ್ಟ ನಂತರವೇ ಮಾದರಿ ಹಿಡಿಯಿರಿ.